ಕಾಗುಣಿತದ ಮೇಷ್ಟ್ರು
ನಮ್ಮ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯ ಹಿರಿಯ ಆಪರೇಟರಿಗೆ ನಾವಿಟ್ಟ ಹೆಸರು ಕಾಗುಣಿತದ ಮೇಷ್ಟ್ರು. ಬೀರುವಿನಷ್ಟು ಎತ್ತರದ ಆ ಹಳೆಯ ಯಂತ್ರಕ್ಕೆ ತನ್ನದೇ ಅಕ್ಷರಮಾಲೆ, ನಾವು ಬರೆದು ತರುವ ಸ್ಕ್ರಿಪ್ಟಿಗೆ, ಅಂದರೆ ಅದಕ್ಕೆ ಕೊಡುವ ಆಜ್ಞೆಗಳ ಪಟ್ಟಿಗೆ, ಇನ್ನೊಂದು. ಹಾಗಾಗಿ ಯಾರು ಸ್ಕ್ರಿಪ್ಟ್ ಓಡಿಸಲು ಕುಳಿತರೂ ಮೇಷ್ಟ್ರು, "ಯಾವ ಅಕ್ಷರದಲ್ಲಿ ಓದ್ಬೇಕು ಅಂತ ಅದಕ್ಕೆ ಮೊದ್ಲು ಹೇಳಿದ್ಯೇನಮ್ಮಾ?" ಎನ್ನುತ್ತಾರೆ. ಹೆಂಡತಿ ಫೋನ್ ಮಾಡಿದರೂ ಮೊದಲು ಇದನ್ನೇ ಕೇಳುತ್ತಾರೆಂದು ನಮ್ಮ ಗುಮಾನಿ. ಇವತ್ತು ಮಗಳನ್ನೂ ಲಸಿಕೆಗೆ ಕರೆತಂದ ಅವಸರದಲ್ಲಿ ನಾನು ಅದನ್ನು ಹೇಳುವ ಸಾಲನ್ನೇ ಬಿಟ್ಟೆ. ಲಸಿಕೆಯ ಪಟ್ಟಿಯಲ್ಲಿ ನಲವತ್ತು ಮಕ್ಕಳ ಹೆಸರೂ ಪ್ರಶ್ನೆಚಿಹ್ನೆಗಳಾಗಿ ಅಚ್ಚಾದವು, ನನ್ನ ಮಗಳದ್ದೂ. "ಯಾವ ಮಗೂಗೆ ಯಾವ ಸೂಜಿ ಚುಚ್ಚಲಿ? ಪ್ರಶ್ನೆಚಿಹ್ನೆ ಬಾ ಅಂತ ಕೂಗ್ಲಾ?" ಎಂದು ನರ್ಸಕ್ಕ ರೇಗಿದರು. "ಹೆಸರೆಲ್ಲ ಒಳಗೆ ಕ್ಷೇಮವಾಗಿವೆ ಬಿಡಿ" ಎನ್ನುತ್ತ ಮೇಷ್ಟ್ರು ಆ ಸಾಲು ಸೇರಿಸಿ ಮತ್ತೆ ಓಡಿಸಿದರು. ಒಂದೂ ತಪ್ಪದೆ ಎಲ್ಲ ಹೆಸರೂ ಬಂದವು. ಆಗಲೇ ಅವರ ಮೇಜಿನ ಗಾಜಿನಡಿ ಮಾಸಿದ ಚೀಟಿಯೊಂದು ಕಂಡಿತು. ರೋಗಿಯ ಹೆಸರಿನ ಜಾಗದಲ್ಲಿ ಆರು ಪ್ರಶ್ನೆಚಿಹ್ನೆ. "ನಮ್ಮಮ್ಮಂದು. ಓಡಿಸಿದ್ದು ನಾನೇ" ಎಂದರು ಮೇಷ್ಟ್ರು. "ಸಂಜೆವರೆಗೂ ಕೂತಿದ್ಲು ಪಾಪ, ಯಾರೂ ಕೂಗ್ಲೇ ಇಲ್ಲ."