ಚೀಟಿ ಸಿಗದ ತೋಬಿಯಾಸ್

ಓಹಾಯೊದ ಹೋಮ್ಸ್ ಕೌಂಟಿಯ ನಮ್ಮ ಕಣಿವೆಯಲ್ಲಿ ತೋಬಿಯಾಸ್ ಕೈಮನ ಕೈ ಸೋಕದ ಕುದುರೆ ಒಂದೂ ಇರಲಿಲ್ಲ. ಲಾಳ ಕಟ್ಟುವುದು ಅವನ ಕಸುಬು. ಬೆಳಗಾದರೆ ಸಣ್ಣ ಕುಲುಮೆಯನ್ನೂ ಸಾಮಾನಿನ ಪೆಟ್ಟಿಗೆಯನ್ನೂ ಗಾಡಿಗೇರಿಸಿಕೊಂಡು ಹೊರಟು, ಲಾಯದಿಂದ ಲಾಯಕ್ಕೆ ತಿರುಗಿ, ಹೊತ್ತು ಇಳಿಯುವಾಗ ಸೊಂಟ ಹಿಡಿದುಕೊಂಡು ಮನೆ ಸೇರುತ್ತಿದ್ದ. ಕುದುರೆಯ ಕಾಲನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಮೊಳೆಗಳನ್ನು ಬಾಯಲ್ಲಿ ಕಚ್ಚಿಕೊಂಡಿರುವಷ್ಟು ಹೊತ್ತು ಅವನಲ್ಲಿ ಮಾತಿಲ್ಲ. ಮೊಳೆಗಳೆಲ್ಲ ಗೊರಸಿಗೆ ಇಳಿದು ಬಾಯಿ ಖಾಲಿಯಾಯಿತೆಂದರೆ ಬೈಬಲ್ಲಿನ ಅಪೊಸ್ತಲರ ಕತೆ ಶುರು. ಸೆರೆಮನೆಯಿಂದ ತಪ್ಪಿಸಿಕೊಂಡು ಬಂದ ಪೇತ್ರ ಕದ ತಟ್ಟಿದಾಗ ಮನೆಗೆಲಸದ ಹುಡುಗಿ ಖುಷಿಯಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡಿದ್ದು, ಪಾಪ ಅವನು ಹೊರಗೆ ತಟ್ಟುತ್ತಲೇ ನಿಂತದ್ದು: ಇದನ್ನು ಅವನು ಹೇಳಿದರೆ ಕುದುರೆ ಹಿಡಿದು ನಿಂತವರು ನಕ್ಕು ನಕ್ಕು ಹಗ್ಗ ಸಡಿಲ ಬಿಟ್ಟುಬಿಡುತ್ತಿದ್ದರು. ಜರ್ಮನ್ ವೇದಪಾಠ ಅವನಿಗೆ ಬಾಯಿಪಾಠ. ದನಿಯೂ ಅಂಥದ್ದೇ, ಮೆತ್ತಗೆ ಆಡಿದರೂ ಕೋಣೆಯ ಕೊನೆಗೆ ಮುಟ್ಟುವ ದನಿ.

ಹೀಗಾಗಿ ಊರಿನ ಹಳೆಯ ಬೋಧಕ ತೀರಿಕೊಂಡಾಗ ಎಲ್ಲರ ಕಣ್ಣೂ ತೋಬಿಯಾಸನ ಮೇಲೆಯೇ ಇತ್ತು.

ಹಳೆಯ ಕಟ್ಟಳೆಯ ಕ್ರೈಸ್ತರಾದ ನಮ್ಮ ಅಮಿಶ್ ಜನರಲ್ಲಿ ಬೋಧಕನಾಗಲು ಓದಬೇಕಿಲ್ಲ, ಕೇಳಿಕೊಳ್ಳುವಂತೆಯೂ ಇಲ್ಲ. ಸಭೆಯವರು ಒಬ್ಬೊಬ್ಬರಾಗಿ ಬಿಷಪ್ಪನ ಕಿವಿಯಲ್ಲಿ ಒಂದು ಹೆಸರು ಪಿಸುಗುಡುತ್ತಾರೆ. ನಾಲ್ಕಾರು ಜನರ ಬಾಯಲ್ಲಿ ಬಂದ ಹೆಸರಿನವರು ಮುಂದೆ ಬಂದು ಕೂರಬೇಕು. ಅವರೆದುರು ಮೇಜಿನ ಮೇಲೆ ತಲೆಗೊಂದರಂತೆ ಹಾಡಿನ ಪುಸ್ತಕಗಳು. ಒಂದರೊಳಗೆ ಮಾತ್ರ ಚೀಟಿ. ಅದು ಯಾರ ಕೈಗೆ ಬಂತೋ ಅವನು ಸಾಯುವವರೆಗೆ ಬೋಧಕ. ಸಂಬಳವಿಲ್ಲ, ಬಿಡುವಿಲ್ಲ, ಒಲ್ಲೆ ಅನ್ನುವಂತಿಲ್ಲ. ಗುರುವಿಗೆ ದ್ರೋಹ ಬಗೆದ ಯೂದನ ಜಾಗ ತೆರವಾದಾಗ ಅಪೊಸ್ತಲರು ಮಾಡಿದ್ದೂ ಹೀಗೇ ತಾನೆ. ಇಬ್ಬರನ್ನು ನಿಲ್ಲಿಸಿ ಚೀಟು ಹಾಕಿದರು. ಅದು ಮತ್ತೀಯನಿಗೆ ಬಂತು.

ಅವತ್ತು ಮುಂದೆ ಬಂದು ಕೂತವರು ನಾಲ್ವರು. ವಯಸ್ಸಿಗೆ ತಕ್ಕಂತೆ ಒಬ್ಬೊಬ್ಬರಾಗಿ ಪುಸ್ತಕ ತೆಗೆದುಕೊಳ್ಳಬೇಕು. ಮೊದಲಿಬ್ಬರು ಎದ್ದು, ತೆಗೆದುಕೊಂಡು, ಕೂತರು. ಮೂರನೆಯವನು ತೋಬಿಯಾಸ್. ಕೊನೆಗೆ ಅಬ್ನರ್ ಮಾಸ್ಟ್. ತೋಬಿಯಾಸನ ಬಾಲ್ಯದ ಗೆಳೆಯ, ಹಾಲು ಕರೆದು ಜೀವನ ಮಾಡುವ ಪುಕ್ಕಲ ಮನುಷ್ಯ. ನಾಲ್ಕು ಜನರೆದುರು ಹೆಸರು ಹೇಳು ಅಂದರೂ ಕಿವಿ ಕೆಂಪಗಾಗುತ್ತಿತ್ತು.

ಮೇಜಿನ ಮೇಲೆ ಎರಡು ಪುಸ್ತಕ ಉಳಿದಿದ್ದವು. ತೋಬಿಯಾಸನ ಕೈ ಎಡಗಡೆಯದರ ಮೇಲೆ ಹೋಯಿತು. ಬೆರಳಿಗೆ ರಟ್ಟು ತಾಗಿತು. ಆ ಕ್ಷಣದಲ್ಲಿ ಅವನಿಗೆ ಏನಾಯಿತೋ, ಬಾವಿಯೊಳಗೆ ಬಗ್ಗಿ ನೋಡಿದವನಂತೆ ಕೈಯನ್ನು ಸರಿಸಿ ಬಲಗಡೆಯದನ್ನು ಎತ್ತಿಕೊಂಡ.

ಬಿಷಪ್ ನೈಸ್ಲಿ ಒಂದೊಂದೇ ಪುಸ್ತಕ ಬಿಚ್ಚುತ್ತ ಬಂದ. ತೋಬಿಯಾಸನದರಲ್ಲಿ ಏನೂ ಇರಲಿಲ್ಲ. ಅಬ್ನರನ ಪುಸ್ತಕ ಬಿಚ್ಚಿ ಬಿಷಪ್ ಒಳಗಿದ್ದ ಚೀಟಿಯನ್ನು ಹೊರಗೆ ತೆಗೆದ. ಹೆಂಗಸರ ಬೆಂಚುಗಳ ಕಡೆಯಿಂದ ಅಬ್ನರನ ಹೆಂಡತಿ ಮಲಿಂಡಾ ಬಿಕ್ಕಿದ್ದು ಎಲ್ಲರಿಗೂ ಕೇಳಿಸಿತು. ಅಬ್ನರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ದಾರಿಯಲ್ಲಿ ಗಾಡಿಯೊಳಗೆ ತೋಬಿಯಾಸನ ಹೆಂಡತಿ ಲೊವೈನಾ ಅವನ ತೋಳು ಹಿಡಿದುಕೊಂಡು ಕೂತಿದ್ದಳು.

"ದೇವರು ನಮ್ಮನ್ನ ಪಾರು ಮಾಡಿದ ಕಣೋ ತೋಬಿ."

"ಹೂಂ."

"ಆ ಮಲಿಂಡಾನ ನೋಡಿದ್ರೆ ಕರುಳು ಕಿತ್ತು ಬಂತು. ನಿಂಗೇನಾಗಿದೆ? ಹಲ್ಲುನೋವಿನವನ ಥರ ಕೂತಿದೀಯ."

"ಏನಿಲ್ಲ. ಕುದುರೆ ಯಾಕೋ ಎಡಗಾಲು ಎಳೀತಿದೆ."

ಕುದುರೆ ಚೆನ್ನಾಗಿಯೇ ನಡೆಯುತ್ತಿತ್ತು. ಹೆಂಡತಿಗೆ ಅವನು ಹೇಳಿದ ಮೊದಲ ಸುಳ್ಳು ಅದು. ಆ ಸುಳ್ಳಿನ ಹಿಂದಿದ್ದ ಮಾತನ್ನು ಅವನು ಆಕೆಗೆ ಕೊನೆಯವರೆಗೂ ಹೇಳಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವನೊಳಗೆ ಎರಡು ದನಿಗಳು ಜಗಳವಾಡಿದವು. ದೇವರು ಕೊಟ್ಟದ್ದನ್ನು ನೀನು ತಳ್ಳಿದೆ ಎಂದು ಒಂದು. ದೇವರು ನಿನಗೆ ಕೊಡಲೇ ಇಲ್ಲ, ನಿನ್ನನ್ನು ಕಂಡು ಆಚೆ ಹೋದ ಎಂದು ಇನ್ನೊಂದು. ಯಾವುದನ್ನು ನಂಬಿದರೂ ಸುಖವಿರಲಿಲ್ಲ. ಇನ್ನು ಅಬ್ನರನ ಬೋಧನೆಯೋ, ಕೇಳುವವರಿಗೇ ಬೆವರು. ನಮ್ಮಲ್ಲಿ ಬೋಧಕ ಬರೆದುಕೊಂಡು ಬರುವಂತಿಲ್ಲ. ಸಭೆ ಹಾಡುತ್ತಿರುವಾಗ ಬೋಧಕರು ಒಳಕೋಣೆಗೆ ಹೋಗಿ ಇವತ್ತು ಯಾರು ಮಾತಾಡಬೇಕೆಂದು ತೀರ್ಮಾನಿಸಿ ಬರುತ್ತಾರೆ. ತನ್ನ ಸರದಿ ಬಂತೆಂದರೆ ಅಬ್ನರ್ ಎದ್ದು, ನೆಲ ನೋಡುತ್ತ, ಒಂದು ವಾಕ್ಯ ಹೇಳಿ ಅದನ್ನೇ ತಿರುಗಿಸಿ ಹೇಳಿ, ನಡುವೆ ನಿಂತುಬಿಡುತ್ತಿದ್ದ. ಹಾಗೆ ನಿಂತಾಗ ಮುಂದಿನ ವಾಕ್ಯ ತೋಬಿಯಾಸನ ನಾಲಿಗೆಯ ತುದಿಯಲ್ಲಿರುತ್ತಿತ್ತು. ಅವನು ಹಲ್ಲು ಕಚ್ಚಿ ಕೂರುತ್ತಿದ್ದ.

ಒಮ್ಮೆ ಒಂದು ಲಾಯದಲ್ಲಿ ಲಾಳ ಬಡಿಯುತ್ತ ಅವನ ಬಾಯಿ ಜಾರಿತು.

"ನಮ್ಮ ಅಬ್ನರನ ಬೋಧನೆ ಮುದಿ ಎತ್ತು ನೀರಿಗೆ ಹೋದ ಹಾಗೆ. ಹೋಗೋದು ಗ್ಯಾರಂಟಿ, ಯಾವಾಗ ಅಂತ ಮಾತ್ರ ಕೇಳಬೇಡಿ."

ಅಲ್ಲಿದ್ದವರು ಹೊಟ್ಟೆ ಹಿಡಿದು ನಕ್ಕರು. ನಗು ಕಣಿವೆ ಸುತ್ತಿಕೊಂಡು ಅಬ್ನರನ ಮನೆಗೂ ಹೋಯಿತು. ಅಬ್ನರ್ ಅದನ್ನು ಎಂದೂ ಎತ್ತಲಿಲ್ಲ. ಲಾಳ ಕಟ್ಟಿಸಲು ಮಾತ್ರ ದೂರದ ಇನ್ನೊಬ್ಬನನ್ನು ಕರೆಸತೊಡಗಿದ. ಭಾನುವಾರ ಸಭೆ ಮುಗಿದ ಮೇಲೆ ಬ್ರೆಡ್ಡು, ಕಡಲೆಕಾಯಿ ಬೆಣ್ಣೆ, ಬೀಟ್‌ರೂಟ್ ಉಪ್ಪಿನಕಾಯಿಯ ಊಟಕ್ಕೆ ಇಬ್ಬರೂ ಒಂದೇ ಮೇಜಿಗೆ ಕೂರುತ್ತಿದ್ದರು. ಕಾಫಿ ದಾಟಿಸು ಅನ್ನುವುದರ ಆಚೆಗೆ ಮಾತು ಹೋಗುತ್ತಿರಲಿಲ್ಲ.

"ಹೋಗಿ ತಪ್ಪಾಯ್ತು ಅನ್ನು," ಅಂದಳು ಲೊವೈನಾ.

"ಸುಳ್ಳೇನು ಹೇಳಿದೆ ನಾನು?"

"ಸತ್ಯ ಹೇಳಿದವನ ಮುಖ ಹೀಗಿರಲ್ಲ."

ಅವರಿಗೆ ಮಕ್ಕಳಾಗಲಿಲ್ಲ. ಪ್ರತಿ ಮನೆಯ ಬೇಲಿಯ ತುಂಬ ಪುಟ್ಟ ಪುಟ್ಟ ನೀಲಿ ಅಂಗಿಗಳು ಒಣಗುವ ಆ ಕಣಿವೆಯಲ್ಲಿ ಅವರ ಹಗ್ಗದ ಮೇಲೆ ಎರಡೇ ಜನರ ಬಟ್ಟೆ. ಲೊವೈನಾ ಐವತ್ತು ತುಂಬುವ ಮೊದಲೇ ಹೊಟ್ಟೆಯ ಗಡ್ಡೆಯಿಂದ ತೀರಿಕೊಂಡಳು. ಆಮೇಲೆ ಹಗ್ಗದ ಮೇಲೆ ಒಬ್ಬನದೇ.

ಆಕೆ ಸತ್ತ ಮೂರನೆಯ ದಿನ, ನೆಂಟರೆಲ್ಲ ಹೊರಟುಹೋದ ಮೇಲೆ, ಅಬ್ನರ್ ಬಂದ. ಟೋಪಿ ತೆಗೆದು ಅಡುಗೆಮನೆಯ ಕುರ್ಚಿಯ ಮೇಲೆ ಕೂತ. ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತೇ ಇದ್ದ. ಒಂದು ಮಾತಿಲ್ಲ. ಒಲೆಗೆ ಸೌದೆ ಬೇಕಾದಾಗ ಎದ್ದು ಹಾಕಿದ, ಮತ್ತೆ ಕೂತ. ಹೊರಡುವಾಗ ಬಾಯಿ ತೆರೆದ, ಮುಚ್ಚಿದ, ಹೋದ. ಇವತ್ತೂ ಇವನಿಗೆ ಮಾತು ಹುಟ್ಟಲಿಲ್ಲವಲ್ಲ ಎಂದು ತೋಬಿಯಾಸನಿಗೆ ರೇಗಿತು. ಆದರೆ ಆ ದಿನಗಳಲ್ಲಿ ಬಂದು ವೇದವಾಕ್ಯ ಹೇಳಿದವರು ಯಾರು ಯಾರು, ಏನೇನು ಹೇಳಿದರು ಎನ್ನುವುದು ಅವನಿಗೆ ಬೇಗ ಮರೆತುಹೋಯಿತು. ಆ ಕುರ್ಚಿಯ ಮೇಲೆ ಕೂತಿದ್ದವನು ಮಾತ್ರ ಉಳಿದ.

ಒಬ್ಬನೇ ಇರುವುದು ಅಮಿಶರಲ್ಲಿ ವಿಚಿತ್ರ. ನಮ್ಮಲ್ಲೇ ಬಂದು ಇರು ಎಂದು ಕರೆಯುವವರು ಕರೆದರು, ಇನ್ನೊಂದು ಮದುವೆ ಮಾಡಿಕೋ ಅಂದವರೂ ಇದ್ದರು. ತೋಬಿಯಾಸ್ ಹಗಲೆಲ್ಲ ಕುದುರೆಗಳ ಜೊತೆ ಇದ್ದು, ಸಂಜೆ ಆಲೂಗಡ್ಡೆ ಬೇಯಿಸಿಕೊಂಡು, ಒಂದೇ ತಟ್ಟೆ ತೊಳೆದಿಟ್ಟು ಮಲಗುತ್ತಿದ್ದ. ಲಾಯಗಳಲ್ಲಿ ಅವನ ಕತೆಗಳು ನಿಂತವು. ಬಾಯಲ್ಲಿ ಮೊಳೆ ಇಲ್ಲದಾಗಲೂ ಇರುವವನಂತೆ ಇರುತ್ತಿದ್ದ.

ಹೀಗಿರುವಾಗ ಒಂದು ಚಳಿಗಾಲ ಮಲಿಂಡಾ ತಾನೇ ಗಾಡಿ ಹೊಡೆದುಕೊಂಡು ಬಂದಳು.

"ತೋಬಿಯಾಸ್, ಅವನ ಕಣ್ಣು ಹೋಗ್ತಾ ಇದೆ," ಅಂದಳು, ಇಳಿಯುವ ಮೊದಲೇ. "ಎದುರಿನವರ ಮುಖದ ನಡುಮಧ್ಯ ಕಪ್ಪು ಕಾಣುತ್ತಂತೆ. ಅಕ್ಷರ ಒಂದೂ ಕಾಣಲ್ಲ. ಡಾಕ್ಟರು ಕೈ ಚೆಲ್ಲಿದ್ರು."

ತೋಬಿಯಾಸ್ ಲಾಳಕ್ಕೆ ಅರ ಉಜ್ಜುವುದನ್ನು ನಿಲ್ಲಿಸಿದ.

"ಬೋಧನೆಗೆ ಮುಂಚೆ ವಾರವೆಲ್ಲ ಓದ್ತಿದ್ದ. ಈಗ ಓದಿ ಹೇಳೋರಿಲ್ಲ. ನಂಗೆ ಆ ಹಳೇ ಜರ್ಮನ್ ಓದಿದ್ರೆ ಗಂಟಲಿಗೆ ಮೂಳೆ ಸಿಕ್ಕ ಹಾಗಾಗುತ್ತೆ. ನಮ್ಮ ಹುಡುಗ್ರದ್ದು ಅದಕ್ಕಿಂತ ಕಡೆ."

"ಅವನೇ ಕಳಿಸಿದ್ನಾ ನಿನ್ನ?"

"ಅವನಿಗೆ ಗೊತ್ತಾದ್ರೆ ನನ್ನ ಜೊತೆ ಮಾತು ಬಿಡ್ತಾನೆ. ಹೋಗ್ಲಿ, ನೀನು ಅಂದಿದ್ದ ಮಾತಿಗೆ ನಾನೂ ಒಂದು ವರ್ಷ ನಿನ್ನ ಬೈದಿದೀನಿ, ಅಲ್ಲಿಗಲ್ಲಿಗೆ ಸರಿಹೋಯ್ತು. ಬರ್ತೀಯೋ ಇಲ್ವೋ ಅಷ್ಟು ಹೇಳು."

ತೋಬಿಯಾಸ್ ಶನಿವಾರ ಮಧ್ಯಾಹ್ನ ಹೋದ. ಸಾಮಾನಿನ ಪೆಟ್ಟಿಗೆ ಹಿಡಿದುಕೊಂಡೇ ಹೋದ, ಕೆಲಸಕ್ಕೆ ಬಂದವನಂತೆ. ಅಬ್ನರ್ ಕಿಟಕಿಯ ಹತ್ತಿರ ಕೂತಿದ್ದ. ಬಂದವರನ್ನು ಕಣ್ಣಿನ ಅಂಚಿನಿಂದ ನೋಡಲು ಮುಖವನ್ನು ಪಕ್ಕಕ್ಕೆ ತಿರುಗಿಸಿದ.

"ಯಾರು?"

"ಮುದಿ ಎತ್ತಿಗೆ ಲಾಳ ಕಟ್ಟೋನು."

"ಎತ್ತಿಗೆ ಈಗ ಕಣ್ಣೂ ಇಲ್ಲ," ಅಂದ ಅಬ್ನರ್. "ನೀರಿಗೆ ಹೋಗೋದೂ ಗ್ಯಾರಂಟಿ ಇಲ್ಲ."

"ತಪ್ಪಾಯ್ತು ಕಣೋ ಅಬ್ನರ್. ಅವತ್ತು ಅಂದದ್ದು."

"ಕೂತ್ಕೋ."

ಅಂದಿನಿಂದ ಶನಿವಾರ ಅವರಿಬ್ಬರದು. ತೋಬಿಯಾಸ್ ಓದುತ್ತಿದ್ದ, ಅಬ್ನರ್ ತುಟಿ ಅಲ್ಲಾಡಿಸುತ್ತ ಕೇಳಿಸಿಕೊಳ್ಳುತ್ತಿದ್ದ, ಮಲಿಂಡಾ ನಡುವೆ ಬಂದು ಸೇಬಿನ ಕಡುಬು ಇಟ್ಟು ಹೋಗುತ್ತಿದ್ದಳು. ಬೇಸಗೆಯ ಹೊತ್ತಿಗೆ ಅವರು ಅಪೊಸ್ತಲರ ಕತೆಗೆ ಬಂದರು. ಚೀಟು ಹಾಕಿದ ಭಾಗ ಓದುವಾಗ ತೋಬಿಯಾಸನ ದನಿ ಸಣ್ಣದಾಯಿತು. ಬೇಗ ಬೇಗ ಓದಿ ಪುಟ ತಿರುವಹೋದ.

"ನಿಲ್ಸು," ಅಂದ ಅಬ್ನರ್. "ನಿನ್ನ ಕೈ ಅದರ ಮೇಲಿತ್ತು."

ತೋಬಿಯಾಸನಿಗೆ ತಕ್ಷಣ ಅರ್ಥವಾಯಿತು. ಅರ್ಥವಾಗದವನಂತೆ ಕೂರಲು ನೋಡಿದ, ಆಗಲಿಲ್ಲ.

"ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ. ನೀನು ಎಡಗಡೇದನ್ನ ಮುಟ್ಟಿದೆ. ಆಮೇಲೆ ಬಿಟ್ಟೆ. ನನ್ನ ಕಣ್ಣು ಆಗ ಚೆನ್ನಾಗಿತ್ತು, ತೋಬಿ."

"ಹೆದರಿಕೆ ಆಯ್ತು ಕಣೋ."

"ನಂಗೇನು ಧೈರ್ಯ ಇತ್ತಾ? ನಂಗೆ ಉಳಿದದ್ದು ಅದೊಂದೇ ಪುಸ್ತಕ." ಅಬ್ನರ್ ನಗಲು ಹೋಗಿ ಕೆಮ್ಮಿದ. "ಇಷ್ಟು ವರ್ಷ ಎದ್ದು ನಿಂತಾಗೆಲ್ಲ ಇನ್ನೊಬ್ಬನ ಕೋಟು ಹಾಕ್ಕೊಂಡು ನಿಂತ ಹಾಗೆ ಅನ್ನಿಸೋದು. ತೋಳು ಉದ್ದ, ಭುಜ ಅಗಲ. ಕೋಟಿನವನು ಎದುರಿಗೇ ಕೂತಿದಾನೆ. ನಾನು ತಡವರಿಸಿದಾಗ ನೀನು ಹಲ್ಲು ಕಚ್ಚೋದೂ ಕಾಣೋದು. ಮಲಿಂಡಾಗೂ ಹೇಳಲಿಲ್ಲ."

ತೋಬಿಯಾಸ್ ಪುಟದ ನಡುವೆ ಬೆರಳಿಟ್ಟು ಪುಸ್ತಕ ಮುಚ್ಚಿದ. ತಾನೊಬ್ಬನೇ ಹೊತ್ತಿದ್ದೇನೆಂದುಕೊಂಡದ್ದನ್ನು ಅದೇ ಕೋಣೆಯ ಇನ್ನೊಬ್ಬನೂ ಒಬ್ಬನೇ ಹೊತ್ತುಕೊಂಡು ತಿರುಗಿದ್ದ. ಹೊರಗೆ ಹಸುಗಳು ಹಾಲು ಕರೆಯುವ ಹೊತ್ತಾಯಿತೆಂದು ಕೂಗತೊಡಗಿದವು.

"ಬಾರ್ಸಬ್ಬ ಅಂತ ಒಬ್ಬ ಇದ್ದ ನೋಡು," ಅಂದ ತೋಬಿಯಾಸ್ ಕೊನೆಗೆ. "ಮತ್ತೀಯನ ಪಕ್ಕ ನಿಂತೋನು, ಚೀಟಿ ಬರದೇ ಇದ್ದೋನು. ಮೊದಲಿಂದ್ಲೂ ಸ್ವಾಮಿ ಜೊತೇನೇ ತಿರುಗಿದ್ದ, ಬಿಸಿಲು ಮಳೆ ಎಲ್ಲ. ಅವನ ಬಗ್ಗೆ ಆಮೇಲೆ ಒಂದಕ್ಷರ ಇಲ್ಲ."

"ಮತ್ತೀಯನ ಬಗ್ಗೇನೂ ಇಲ್ವಲ್ಲ."

ತೋಬಿಯಾಸ್ ಕನ್ನಡಕ ತೆಗೆದ. ಇಷ್ಟು ವರ್ಷ ಬಾಯಿಪಾಠವಿದ್ದ ಭಾಗ; ಇದು ಅವನಿಗೆ ಹೊಳೆದಿರಲಿಲ್ಲ. ನಿಜ, ಚೀಟಿ ಬಂದವನ ಸುದ್ದಿಯೂ ಅಲ್ಲಿಗೇ ಮುಗಿಯುತ್ತದೆ.

"ಆಮೇಲೆ ಪವಿತ್ರಾತ್ಮ ಬೆಂಕಿಯಾಗಿ ಇಳಿದ ದಿನ ಎಲ್ಲರೂ ಒಂದೇ ಮನೇಲಿದ್ರು ಅಂತ ಇದೆ," ಅಂದ ಅಬ್ನರ್ ನಿಧಾನವಾಗಿ, ಬೋಧನೆಯಲ್ಲಿ ತಡವರಿಸುವ ಹಾಗೆಯೇ. "ಎಲ್ಲರೂ ಅಂದ್ರೆ... ಬಾರ್ಸಬ್ಬನೂ. ಮುನಿಸ್ಕೊಂಡು ಮನೆಗೆ ಹೋಗಿರ್ಲಿಲ್ಲ. ಅವನ ತಲೆ ಮೇಲೂ ಇಳಿದಿರಬೇಕು, ಅಲ್ವಾ?"

"ಇಳಿದಿರಬೇಕು."

"ಹಾಗಾದ್ರೆ ಅವತ್ತು ತಪ್ಪು ಯಾರ್ದು? ನಿಂದಾ, ನಂದಾ?"

"ಗೊತ್ತಿಲ್ಲ ಕಣೋ," ಅಂದ ತೋಬಿಯಾಸ್. "ಮುಂದೆ ಓದಲಾ?"

ಮರುದಿನ ಸಭೆಯಲ್ಲಿ ಅಬ್ನರನ ಸರದಿ ಬಂತು. ಅವನು ಎದ್ದು, ಎಂದಿನಂತೆ ನಿಂತು ನಿಂತು ಮಾತಾಡಿದ. ಅಪೊಸ್ತಲರು ದೊಡ್ಡವರಾದದ್ದು ಜಾಣತನದಿಂದಲ್ಲ, ಪೇತ್ರ ಗುರುವನ್ನೇ ಅರಿಯೆನೆಂದು ಹೇಳಿ ಅತ್ತ ಮೇಲೂ ವಾಪಸು ಬಂದ, ಉಳಿದವರು ಅವನನ್ನು ಒಳಗೆ ಬಿಟ್ಟುಕೊಂಡರು ಅಂದ. ಚೀಟಿ ಬಂದವನಿಗೆ ಅವತ್ತೊಂದು ಕೆಲಸ ಸಿಕ್ಕಿತು, ಬರದವನಿಗೆ ಮೊದಲಿದ್ದ ಕೆಲಸ ಇತ್ತು, ಇಬ್ಬರೂ ಒಂದೇ ಮೆಟ್ಟಿಲು ಇಳಿದು ಬೀದಿಗೆ ಬಂದರು ಅಂದ. ಆಮೇಲೆ ಮಾತು ನಿಂತಿತು. ಜನ ಕಾದರು. ಈ ಸಲ ತೋಬಿಯಾಸನ ನಾಲಿಗೆಯ ತುದಿಯಲ್ಲಿ ಏನೂ ಇರಲಿಲ್ಲ. ಅವನೂ ಎಲ್ಲರಂತೆ ಕಾದ. ಅಬ್ನರ್ ಮುಂದಿನ ಮಾತು ಹುಡುಕಿಕೊಂಡ.

ಬೋಧನೆ ಮುಗಿದ ಮೇಲೆ, ಹೇಳಿದ್ದರಲ್ಲಿ ತಪ್ಪಿದ್ದರೆ ತಿಳಿಸಿ ಎಂದು ಹಿರಿಯರನ್ನು ಕೇಳುವುದು ಪದ್ಧತಿ. ಅವತ್ತು ತೋಬಿಯಾಸನನ್ನೂ ಕೇಳಿದರು. ಅವನ ಬಳಿ ಮಾತು ಬೇಕಾದಷ್ಟಿತ್ತು.

"ವೇದಕ್ಕೆ ಸರಿಯಾಗಿದೆ. ನನಗೆ ಬೇಕಾದ್ದೇ ಹೇಳಿದ," ಎಂದ, ಅಷ್ಟೇ.

ಆ ಶನಿವಾರಗಳು ಏಳೆಂಟು ವರ್ಷ ನಡೆದವು. ಅಬ್ನರ್ ದೊಡ್ಡ ಬೋಧಕನೇನೂ ಆಗಲಿಲ್ಲ. ಆದರೆ ಸಾವಿನ ಮನೆಗಳಿಗೆ ಜನ ಅವನನ್ನೇ ಕರೆಸುತ್ತಿದ್ದರು; ತೋಬಿಯಾಸ್ ಗಾಡಿ ಹೊಡೆದುಕೊಂಡು ಕರೆದೊಯ್ಯುತ್ತಿದ್ದ, ಅವನು ಒಳಗೆ ಕೂತಿರುವಾಗ ಹೊರಗೆ ಆ ಮನೆಯವರ ಕುದುರೆಗಳ ಗೊರಸು ನೋಡುತ್ತಿದ್ದ. ಮಲಿಂಡಾ ಇಬ್ಬರನ್ನೂ ಸೇರಿಸಿ ಬೈಯುತ್ತಿದ್ದಳು. ಸಂಜೆ ಮಾತ್ರ ತೋಬಿಯಾಸ್ ತನ್ನ ಮನೆಗೆ ಬಂದು ದೀಪ ಹಚ್ಚಬೇಕಿತ್ತು, ಅದಕ್ಕೆ ಏನೂ ಉಪಾಯವಿರಲಿಲ್ಲ.

ಒಂದು ಮಾರ್ಚಿನಲ್ಲಿ ನ್ಯುಮೋನಿಯಾ ಬಂದು ಅಬ್ನರ್ ತೀರಿಕೊಂಡ. ನಮ್ಮಲ್ಲಿ ಗುಂಡಿ ತೋಡುವುದು ನೆರೆಯವರ ಕೆಲಸ, ಗಟ್ಟಿಮುಟ್ಟಾದವರಿಗೆ ಬಿಡುವ ಕೆಲಸ. ತೋಬಿಯಾಸ್ ಯಾರ ಮಾತನ್ನೂ ಕೇಳದೆ ಗುದ್ದಲಿ ತೆಗೆದುಕೊಂಡು ಹೋದ. ನೆಲದ ಮೇಲಿನ ಹೆಪ್ಪು ಇನ್ನೂ ಕರಗಿರಲಿಲ್ಲ. ಒಡೆಯುವಷ್ಟು ಒಡೆದು, ಏದುಸಿರು ಹತ್ತಿದಾಗ ಬೇಲಿಗೆ ಒರಗಿ ನಿಂತ. ಉಳಿದದ್ದನ್ನು ಬೇರೆಯವರು ತೋಡಿದರು.

ಅವನು ಆಮೇಲೂ ಕೆಲವು ಚಳಿಗಾಲ ಬದುಕಿದ. ಸೊಂಟ ಬಗ್ಗದಾದ ಮೇಲೆ ಲಾಳದ ಕೆಲಸ ಬಿಟ್ಟ. ಸಭೆ ಯಾರ ಮನೆಯಲ್ಲಿದ್ದರೂ ಎಲ್ಲರಿಗಿಂತ ಮೊದಲು ಹೋಗಿ ಬೆಂಚುಗಳನ್ನು ಸಾಲಾಗಿ ಹಾಕುವುದಕ್ಕೆ ಕೈ ಕೊಡುತ್ತಿದ್ದ. ಅಬ್ನರನ ಜಾಗಕ್ಕೆ ಬಂದ ಹೊಸ ಬೋಧಕನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮೊದಲ ದಿನ ಎದ್ದು ನಿಂತವನು ಒಂದೇ ವಾಕ್ಯ ಹೇಳಿ ನಡುವೆ ನಿಂತುಬಿಟ್ಟ. ಮುಂದಿನ ಸಾಲಿನ ಮುದುಕರ ನಡುವೆ ಕೂತಿದ್ದ ತೋಬಿಯಾಸ್ ಮುಖವೆತ್ತಿ, ಅವನನ್ನೇ ನೋಡುತ್ತ, ಆಗಲಿ ಎನ್ನುವಂತೆ ಮೆಲ್ಲಗೆ ತಲೆಯಾಡಿಸುತ್ತ ಕೂತ.