ಗೋಲ್ ಹೊಡೆಯದವನ ಪರವಾಗಿ

ಹ್ಯಾರೋದ ಆ ಮೈಸೂರು ಸರ್ಜನ್ನರನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ.

ತೊಂಬತ್ತರ ದಶಕದಲ್ಲಿ ನಾವು ಗ್ಲಾಸ್ಗೋದಿಂದ ಲಂಡನ್ನಿನ ಹ್ಯಾರೋಗೆ ಬಂದೆವು. ಗ್ಲಾಸ್ಗೋದಲ್ಲಿ ಗಂಡ ಆಸ್ಪತ್ರೆಯ ಡ್ಯೂಟಿಯಲ್ಲಿ ಮುಳುಗಿರುವಾಗ ನಾನು ಪಕ್ಕದ ಮನೆಯ ಮುದುಕಿಯ ಜೊತೆ ಫುಟ್‌ಬಾಲ್ ನೋಡಲು ಹೋಗುತ್ತಿದ್ದೆ. ಸೀರೆಯ ಮೇಲೆ ಗಂಡನ ಓವರ್‌ಕೋಟ್ ಹಾಕಿಕೊಂಡು, ಚಳಿಯಲ್ಲಿ ಮೂಗು ಒರೆಸಿಕೊಳ್ಳುತ್ತ ಕಲಿತ ಆಟ ಅದು. ಮೈದಾನದ ನಡುವೆ ನಿಂತು ಗೋಲ್ ಹೊಡೆಯುವವರಿಗೆ ಬಾಲ್ ಒದಗಿಸುವ ಅಲ್ಲಿಯ ಒಬ್ಬ ಮಿಡ್‌ಫೀಲ್ಡರ್ ಎಂದರೆ ನನಗೆ ಪ್ರಾಣ.

ಶನಿವಾರ ಸರ್ಜನ್ನರ ಮನೆಯಲ್ಲಿ ಕನ್ನಡದವರೆಲ್ಲ ಸೇರುತ್ತಿದ್ದೆವು. ಗಂಡಸರು ಟಿ.ವಿ. ಮುಂದೆ, ಹೆಂಗಸರು ಒಲೆ ಮುಂದೆ. ಒಂದು ಸಂಜೆ ನನ್ನ ಅದೇ ಸ್ಕಾಟ್ಲೆಂಡಿನ ಮಿಡ್‌ಫೀಲ್ಡರ್ ವರ್ಲ್ಡ್ ಕ್ಲಾಸ್ ಹೌದೋ ಅಲ್ಲವೋ ಎಂದು ಚರ್ಚೆ ಎದ್ದಿತು. ಎಲ್ಲರೂ ಬಾಯಿಗೆ ಬಂದದ್ದು ಹೇಳುತ್ತಿದ್ದರು. ಬಜ್ಜಿಯ ತಟ್ಟೆ ಹಿಡಿದು ಬಂದ ನನಗೆ ತಡೆಯಲಾಗಲಿಲ್ಲ.

"ಅಂವಾ ತಲಿ ಎತ್ತಿ ಆಡ್ತಾನ್ರೀ. ಯಾರಿಗೆ ಬೇಕಾಗೇದ ಅಂತ ಮೊದಲ ನೋಡಿರ್ತಾನ. ಅವರು ಕೈ ಎತ್ತೂದರಾಗ ಬಾಲ್ ಅವರ ಕಾಲಾಗ ಇರ್ತದ. ಅದಕ್ಕ ವರ್ಲ್ಡ್ ಕ್ಲಾಸ್ ಅನ್ನೂದು."

"ಗೋಲೇ ಹೊಡೀದೋನು ಎಂಥ ವರ್ಲ್ಡ್ ಕ್ಲಾಸಮ್ಮ? ನೀವು ಹೋಗಿ ಸಾರು ನೋಡಿ," ಎಂದರು ಸರ್ಜನ್. ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು.

ಮೈಯೆಲ್ಲ ಉರಿದುಹೋಯಿತು. ಆ ಮಾತನ್ನು ಅವರ ಬಾಯಿಂದಲೇ ವಾಪಸ್ ತೆಗೆಸದಿದ್ದರೆ ನಾನು ಧಾರವಾಡದವಳೇ ಅಲ್ಲ ಎಂದುಕೊಂಡೆ.

ಯುಗಾದಿ ಬಂತು. ಸರ್ಜನ್ನರು ತಮ್ಮ ಆಸ್ಪತ್ರೆಯ ಇಬ್ಬರು ಇಂಗ್ಲಿಷ್ ಹಿರಿಯ ವೈದ್ಯರನ್ನು ಬಾಳೆಲೆ ಊಟಕ್ಕೆ ಕರೆದು, ನಮ್ಮ ಪದ್ಧತಿಯ ಬಗ್ಗೆ ವಾರಗಟ್ಟಲೆ ಕೊಚ್ಚಿಕೊಂಡಿದ್ದರು. ಅವರ ಮನೆಯ ಪಂಕ್ತಿಯಲ್ಲಿ ಬಡಿಸುವ ಉಸ್ತುವಾರಿ ಯಾವಾಗಲೂ ನನ್ನದು. ಯಾವುದು ಎಲೆಯ ಯಾವ ಮೂಲೆಗೆ, ಯಾವುದರ ಹಿಂದೆ ಯಾವುದು ಎಂದು ನಾನು ಕಣ್ಣಲ್ಲೇ ಹೇಳುತ್ತಿದ್ದೆ, ಉಳಿದ ಹೆಂಗಸರು ಬಡಿಸುತ್ತಿದ್ದರು. ಆ ದಿನ ನಾನು ಸೆರಗು ಸರಿಮಾಡಿಕೊಂಡು ಆ ಅತಿಥಿಗಳ ಪಕ್ಕದ ಎಲೆಗೇ ಕೂತುಬಿಟ್ಟೆ.

ಆಮೇಲಿನದು ನೋಡುವಂತಿತ್ತು. ಒಂದೇ ಎಲೆಗೆ ಮೂರು ಸಲ ಕೋಸಂಬರಿ ಬಿತ್ತು, ಪಕ್ಕದ ಎಲೆಗೆ ಉಪ್ಪೂ ಇಲ್ಲ. ಅನ್ನ ಬಂತು, ತೊವ್ವೆ ಬರಲಿಲ್ಲ. ಅನ್ನಕ್ಕೆ ತುಪ್ಪ ಬೀಳದೆ ಯಾರೂ ಊಟಕ್ಕೆ ಕೈ ಹಾಕುವಂತಿಲ್ಲ ಎಂದು ಸರ್ಜನ್ನರೇ ಅತಿಥಿಗಳಿಗೆ ಹೇಳಿಕೊಟ್ಟಿದ್ದರು, ಪಾಪ, ಅವರು ಆರುತ್ತಿದ್ದ ಅನ್ನವನ್ನೇ ನೋಡುತ್ತ ಕೂತಿದ್ದರು. ಕೊನೆಗೆ ಸರ್ಜನ್ನರೇ ಸೌಟು ಹಿಡಿದು ಬಂದು ಸಾರನ್ನು ಪಾಯಸದ ಮೇಲೆ ಸುರಿದರು. ನನಗೆ ಹಬ್ಬವೋ ಹಬ್ಬ.

"ಸ್ವಲ್ಪ ಎದ್ದು ಬನ್ನಿಯಮ್ಮಾ," ಎಂದು ಬಗ್ಗಿ ಪಿಸುಗುಟ್ಟಿದರು.

"ನಾ ಇವತ್ತ ಗೋಲ್ ಹೊಡಿಲಿಕ್ಕೆ ಕೂತೀನ್ರೀ ಡಾಕ್ಟರ. ಬಾಲ್ ನೀವ ಕೊಡ್ರಿ."

ಅವರ ಮುಖ ಕೆಂಪಾಯಿತು. "ಆಯ್ತು ಕಣಮ್ಮ, ಅವನು ವರ್ಲ್ಡ್ ಕ್ಲಾಸೇ."

"ಜೋರಾಗಿ ಹೇಳ್ರಿ. ಎಲ್ಲಾರಿಗೂ ಕೇಳ್ಬೇಕು."

ಹೇಳಿದರು. ನಾನು ನಿಧಾನವಾಗಿ ಎದ್ದು ಕೈ ತೊಳೆದು ತುಪ್ಪದ ಗಿಂಡಿ ಹಿಡಿದೆ. ಪಂಕ್ತಿ ತಾನಾಗಿ ದಾರಿಗೆ ಬಂತು. ತುದಿಯಲ್ಲಿ ನನ್ನ ಗಂಡ ಒಣ ಅನ್ನದ ಮುಂದೆ ಕೂತಿದ್ದರು. ನಾನು ಹತ್ತಿರ ಬಂದಾಗ ಕೈ ಎತ್ತಿದರು.

ಕಂಡೂ ಕಾಣದವಳಂತೆ ಒಳಗೆ ಹೋದೆ.