ನೀರುಗಂಟಿ ಅಂಕಯ್ಯ ಮನೆಗೆ ಮಟ್ಟ ಹಿಡಿದದ್ದು

ಕೆ.ಆರ್. ನಗರದ ಪಕ್ಕದ ಹಳ್ಳಿಯೊಂದರಲ್ಲಿ ಅಂಕಯ್ಯ ಮೂವತ್ತಾರು ವರ್ಷ ನೀರುಗಂಟಿಯಾಗಿದ್ದ. ನಾಲೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ಹಂಚುವುದು ಅವನ ಕೆಲಸ. ನಾಲ್ಕು ಹೆಜ್ಜೆ ನಡೆದರೆ ಸಾಕು, ನೆಲ ಯಾವ ಕಡೆ ಎಷ್ಟು ವಾಲಿದೆ ಎಂದು ಅವನ ಪಾದಕ್ಕೆ ಗೊತ್ತಾಗುತ್ತಿತ್ತು. ಹೊಸ ಕಾಲುವೆ ತೋಡಿಸುವಾಗ ಎಂಜಿನಿಯರುಗಳೂ ಅವನಿಗೇ ಹೇಳಿಕಳಿಸುತ್ತಿದ್ದರು. ನಿವೃತ್ತಿಯಾದ ಮೇಲೆ ಆ ವಿದ್ಯೆ ಯಾರಿಗೂ ಬೇಕಾಗಿರಲಿಲ್ಲ.

ಹೋದ ಯುಗಾದಿ ಕಳೆದ ಮೇಲೆ ಅವನ ಹೆಂಡತಿ ಪುಟ್ಟಮಾದಮ್ಮನ ಕಾಲಲ್ಲಿ ಹುಣ್ಣಾಯಿತು. ಸಕ್ಕರೆ ಕಾಯಿಲೆಯ ಮೈ, ಹುಣ್ಣು ಮಾಯಲಿಲ್ಲ. ಮೈಸೂರಿನಲ್ಲಿ ಬಲಗಾಲನ್ನು ಮೊಣಕಾಲ ಕೆಳಗೆ ತೆಗೆದರು. ಹುಣಸೂರಿಗೆ ಕೊಟ್ಟಿದ್ದ ಮಗಳು ಸುಕನ್ಯ ವೀಲ್‌ಚೇರು ತಂದುಕೊಟ್ಟು, ಹದಿನೈದು ದಿನ ಇದ್ದು ಹೋದಳು. ಆದರೆ ಚೇರು ಓಡುವ ಮನೆಯೇ ಅದಲ್ಲ. ಬಾಗಿಲಿಗೊಂದು ಹೊಸ್ತಿಲು, ಅಂಗಳಕ್ಕೆ ಎರಡಡಿ ಇಳಿಯಬೇಕು, ಬಚ್ಚಲು ಅಂಗಳದ ಮೂಲೆಯಲ್ಲಿ.

ಒಂದು ದಿನ ಅಂಕಯ್ಯ ನೋಡುತ್ತಾನೆ, ಬೆಳಿಗ್ಗೆ ತುಂಬಿಟ್ಟ ಚೊಂಬು ಸಂಜೆಯಾದರೂ ಹಾಗೇ ಇದೆ.

"ಯಾಕಮ್ಮಿ, ನೀರೇ ಕುಡಿದಿಲ್ವಲ್ಲ?"

"ಕುಡುದ್ರೆ ಬಚ್ಲಿಗೆ ವೋಗ್ಬೇಕು. ನೀವು ಎತ್ಕಂಡು ಎಷ್ಟು ಸಲ ಇಳಿಸ್ತೀರಿ ಬುಡಿ, ಈ ವಯಸ್ನಾಗೆ."

ಅಂಕಯ್ಯ ಮರುದಿನವೇ ಗಾರೆ ಕೆಲಸದ ವಸಂತನನ್ನು ಕರೆಸಿದ. ವಸಂತ ಜಗಲಿಯಿಂದ ಅಂಗಳಕ್ಕೆ ಒಂದೇ ಏಟಿಗೆ ಕಡಿದಾದ ಇಳಿಜಾರು ಕಟ್ಟಿದ. ಸಿಮೆಂಟು ಒಣಗಿದ ಮೇಲೆ ಅಂಕಯ್ಯ ಹೆಂಡತಿಯನ್ನು ಕೂರಿಸಿ ಇಳಿಸಿದ. ಹತ್ತಿಸುವಾಗ ಅರ್ಧದಲ್ಲಿ ಕೈ ಸೋತು ಚೇರು ಹಿಂದಕ್ಕೆ ಜಾರಿತು. ಎದೆಯೊಡ್ಡಿ ತಡೆದದ್ದಕ್ಕೆ ಉಳಿದರು. ಪುಟ್ಟಮಾದಮ್ಮ ಸೆರಗು ಕಚ್ಚಿಕೊಂಡು ಅತ್ತಳು. ಅಂಕಯ್ಯ ತನ್ನ ಮೇಲೇ ರೇಗಿದ. ಇಷ್ಟು ವರ್ಷ ನೆಲ ನೋಡಿದವನು, ಮನೆಯ ನೆಲವನ್ನು ಇನ್ನೊಬ್ಬರ ಕೈಗೆ ಬಿಟ್ಟನಲ್ಲ!

ಬೆಳಿಗ್ಗೆ ಹಾರೆ ತಗೊಂಡು ಅದನ್ನು ಕಿತ್ತುಹಾಕಿ ವಸಂತನಿಗೆ ಹೇಳಿದ: "ಇಂಗಲ್ಲ ಕಣ್ಲಾ. ಒಂದಡಿ ವೋದ್ರೆ ಒಂದೇ ಇಂಚು ಇಳೀಬೇಕು."

"ಅಂಗಾದ್ರೆ ಇಪ್ಪತ್ನಾಕಡಿ ಬೇಕಾಯ್ತದೆ ಅಂಕಯ್ಯಣ್ಣ. ಅಂಗಳ ಇರಾದೇ ಅದಿನಾರು."

"ಗುಡ್ಡ ಅಡ್ಡ ಬಂದ್ರೆ ನಾಲೆ ನಿಂತೋಯ್ತದಾ? ತಿರುಗ್ಕಂಡು ವೋಯ್ತದೆ."

ಗೋಡೆಯುದ್ದಕ್ಕೆ ಹನ್ನೆರಡಡಿ, ಮೂಲೆಯಲ್ಲಿ ಚೇರು ತಿರುಗಲು ಸಮನಾದ ಜಾಗ, ಅಲ್ಲಿಂದ ಬಚ್ಚಲ ಕಡೆಗೆ ಹನ್ನೆರಡಡಿ. ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿ, ತಾನೊಂದು ತುದಿ ವಸಂತನೊಂದು ತುದಿ ಹಿಡಿದು, ಅಡಿ ಅಡಿಗೂ ಮಟ್ಟ ನೋಡಿ ಗುರುತು ಹಾಕಿದ.

ತಲೆಬಾಗಿಲ ಹೊಸ್ತಿಲು ಕೊಯ್ಯಲು ಹೊರಟಾಗ ಪುಟ್ಟಮಾದಮ್ಮ ಅಡ್ಡ ಬಂದಳು. "ದಿನಾ ಅರಿಸ್ನ ಕುಂಕ್ಮ ಇಕ್ಕಿದ ವಸ್ಲು. ಮುಟ್ಬ್ಯಾಡಿ."

ಅಂಕಯ್ಯ ಯೋಚಿಸಿದ. ಗದ್ದೆ ಎತ್ತರದಲ್ಲಿದ್ದರೆ ಅದನ್ನು ಯಾರೂ ತಗ್ಗಿಸುವುದಿಲ್ಲ, ಕಾಲುವೆಗೆ ಅಡ್ಡ ಕಟ್ಟಿ ನೀರನ್ನೇ ಏರಿಸುತ್ತಾರೆ. ಹೊಸ್ತಿಲ ಎರಡೂ ಕಡೆ ನೆಲವನ್ನು ಮೆಲ್ಲಗೆ ಏರಿಸಿ ಅದರ ಮಟ್ಟಕ್ಕೆ ತಂದ. ಹೊಸ್ತಿಲೂ ಉಳಿಯಿತು, ಗಾಲಿಗೂ ದಾರಿಯಾಯಿತು.

ಆಮೇಲೆ ಅಡುಗೆಮನೆ. ನೀರು ಬಿಡುವ ಮೊದಲು ಕಾಲುವೆಯನ್ನು ಕೊನೆತನಕ ನಡೆದು ನೋಡುವುದು ಅವನ ರೂಢಿ. ಇಲ್ಲೂ ಹಾಗೇ, ತಾನೇ ಚೇರಲ್ಲಿ ಕೂತು ಒಲೆಯಿಂದ ಹಿಟ್ಟಿನ ಡಬ್ಬದವರೆಗೆ ಓಡಾಡಿದ. ಕೈಗೆ ಸಿಗದ್ದನ್ನೆಲ್ಲ ಕೆಳಗಿಳಿಸಿದ. ಒಲೆಯನ್ನು, ಕೆಳಗೆ ಮಂಡಿ ತೂರುವಷ್ಟು ಎತ್ತರದ ಕಲ್ಲುಚಪ್ಪಡಿಯ ಮೇಲೆ ಕೂರಿಸಿದ. ಪುಟ್ಟಮಾದಮ್ಮ ಬಾಗಿಲಲ್ಲಿ ಹಾಸಿದ ಚಾಪೆಯ ಮೇಲೆ ಕೂತು, "ಸಾಸ್ವೆ ಅಲ್ಲಲ್ಲ, ಎಣ್ಣೆ ಪಕ್ಕ" ಎಂದು ಆಜ್ಞೆ ಮಾಡುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಅವಳ ದನಿ ಏರಿದ್ದು ಕೇಳಿ ಅವನಿಗೆ ಒಳಗೊಳಗೇ ಸಂತೋಷ.

ಗಾರೆ ಗಟ್ಟಿಯಾದ ಮೇಲೆ ಒಂದು ಮಂಗಳವಾರ ಅವಳು ಒಬ್ಬಳೇ ಬಚ್ಚಲಿಗೆ ಹೊರಟಳು. ಅವನು ಬೆನ್ನಿಗೆ ಎದ್ದ.

"ಬರ್ಬ್ಯಾಡಿ. ಕರುದ್ರೆ ಬನ್ನಿ."

ಗಾಲಿ ಗೋಡೆಯುದ್ದಕ್ಕೆ ಸಾಗಿತು, ಮೂಲೆಯಲ್ಲಿ ತಿರುಗಿತು, ಇಳಿಯಿತು. ಸ್ವಲ್ಪ ಹೊತ್ತಿಗೆ ಅವಳೇ ತಳ್ಳಿಕೊಂಡು ಮೇಲೆ ಬಂದಳು, ಹಣೆಯಲ್ಲಿ ಬೆವರು, ಮುಖದಲ್ಲಿ ನಗು. ಮಧ್ಯಾಹ್ನ ಮುದ್ದೆ ಕಟ್ಟಿ, ಅವರೆಕಾಳು ಸಾರು ಮಾಡಿ ಬಡಿಸಿದಳು. ಸಾರಿಗೆ ಉಪ್ಪು ಕಮ್ಮಿಯಿತ್ತು, ಆದರೂ ಅಂಕಯ್ಯ ಇನ್ನೊಂದು ಸೌಟು ಹಾಕಿಸಿಕೊಂಡ. ಉಂಡು ಕೈತೊಳೆದು ಜಗಲಿಯ ಮೇಲೆ ಟವಲ್ ಹಾಸಿಕೊಂಡು, ಬಚ್ಚಲಿಗೆ ಎತ್ತಿಕೊಂಡು ಹೋಗಲು ಹೆಂಡತಿ ಕರೆದಾಳೆಂದು ಕಿವಿಗೊಟ್ಟು ಮಲಗುವ ಚಿಂತೆಯಿಲ್ಲದೆ, ಗೊರಕೆ ಹೊಡೆದ.